ಐದು ಸೀಟಿನ ಫ್ರಿಜ್ಜು

ಕಳೆದ ತಿಂಗಳು ಒಂದು ಭಾನುವಾರ ಬೆಳಗ್ಗೆ ಎಂಟು ಗಂಟೆಗೆ ನಮ್ಮ ಅತ್ತೆ ಮನೆಯಿಂದ ಕಾಣೆಯಾದರು.

ವಯಸ್ಸು ಎಂಬತ್ತೊಂದು. ಎರಡೂ ಮಂಡಿ ನೋವು. ಗೇಟು ದಾಟಬೇಕೆಂದರೆ ಒಂದು ಕೈಗೆ ಕೋಲು ಬೇಕು, ಇನ್ನೊಂದು ಕೈಗೆ ನಾನು ಬೇಕು. ಅಂಥವರು ದಾಸವಾಳ ಕೀಳುತ್ತೀನಿ ಅಂತ ಕಾಂಪೌಂಡಿಗೆ ಹೋದವರು ಇಲ್ಲವೇ ಇಲ್ಲ. ಹೂವಿನ ಬುಟ್ಟಿ ಮಾತ್ರ ಗೇಟಿನ ಕಂಬದ ಮೇಲೆ ಅರ್ಧ ತುಂಬಿ ಕೂತಿತ್ತು.

ನಾನು ದೋಸೆ ಸೌಟು ಹಿಡಿದುಕೊಂಡೇ ರಸ್ತೆಗೆ ಓಡಿದೆ. ನಮ್ಮ ಮನೆಯವರು ಪಂಚೆ ಎತ್ತಿ ಕಟ್ಟಿ ಪಾರ್ಕಿನ ಕಡೆ ಓಡಿದರು. ಗಣೇಶನ ಗುಡಿ ನೋಡಿದೆವು, ಹಾಲಿನ ಬೂತ್ ನೋಡಿದೆವು. ಕೊನೆಗೆ ಎದುರು ಮನೆಯ ಹುಡುಗಿ ಬಾಲ್ಕನಿಯಿಂದಲೇ ಕೂಗಿ ಹೇಳಿದಳು: "ಅಜ್ಜೀನಾ ಆಂಟಿ? ಆಗಲೇ ಬಿಳೀ ಕಾರಲ್ಲಿ ಹೋದ್ರಲ್ಲ! ಫ್ರಂಟ್ ಸೀಟಲ್ಲಿ ಕೂತಿದ್ರು. ನನಗೆ ಕೈ ಬೀಸಿದ್ರು."

ಬಿಳೀ ಕಾರು!

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಆ ಕಾರು ಯಾವುದು ಅಂತ ನಮಗೆ ಚೆನ್ನಾಗಿ ಗೊತ್ತಿತ್ತು. ಅದು ಬರಬೇಕಿದ್ದದ್ದು ಹತ್ತು ಗಂಟೆಗೆ, ನಾನು ಅತ್ತೆಯನ್ನು ಹಿಂದಿನ ಬೀದಿಯ ಭಜನೆಗೆ ಬಿಟ್ಟು ಬಂದ ಮೇಲೆ. ಕದ್ದು ಮಾಡುವ ಕೆಲಸದ ಹಣೆಬರಹವೇ ಇಷ್ಟು. ಒಂದೋ ಬೇಗ ಬರುತ್ತೆ, ಇಲ್ಲ ತಡವಾಗಿ ಬರುತ್ತೆ.

ಕದ್ದು ಯಾಕೆ ಅಂತೀರಾ? ಹೇಳ್ತೀನಿ.

ನಮ್ಮ ಕಾರಿಗೆ ಹದಿನೈದು ವರ್ಷ ತುಂಬುತ್ತಾ ಬಂದಿತ್ತು. ಮಾರೇನಹಳ್ಳಿಯ ನಮ್ಮ ಮೆಕ್ಯಾನಿಕ್ ಮುನಿರಾಜು ಪ್ರತಿ ಸರ್ವೀಸಿಗೂ ಒಂದೇ ರಿಪೋರ್ಟ್ ಕೊಡುತ್ತಿದ್ದರು. "ಇಂಜಿನ್ ಬೊಂಬಾಟಾಗಿದೆ ಮೇಡಂ. ಅದರ ಸುತ್ತ ಇರೋದೆಲ್ಲ ಹೋಗಿದೆ." ಎಡಗಡೆಯ ಹಿಂದಿನ ಬಾಗಿಲು ಒಳಗಿನಿಂದ ತೆಗೆಯಲು ಬರುವುದಿಲ್ಲ, ಯಾರಾದರೂ ಹೊರಗಿನಿಂದ ಬಂದು ಬಿಡುಗಡೆ ಮಾಡಬೇಕು. ಎ.ಸಿ. ಹಾಕಿದರೆ ಹಾಡು ನಿಲ್ಲುತ್ತೆ. ಹೊರಗೆ ಮಳೆ ಶುರುವಾದದ್ದು ಮೊದಲು ನನ್ನ ಪಾದಕ್ಕೆ ಗೊತ್ತಾಗುತ್ತೆ. (ನನ್ನ ಸ್ಕೂಟರಿಗೂ ಅದೇ ವಯಸ್ಸು. ಅದರ ವಿಷಯ ಎತ್ತುವುದು ಬೇಡ, ಕೇಳಿಸಿಕೊಂಡರೆ ನಾಳೆ ಸ್ಟಾರ್ಟ್ ಆಗಲ್ಲ.)

ಸರಿ, ಬದಲಿಸಬೇಕು. ಆದರೆ ಯಾವ ಕಂಪನಿ?

ನಿಮಗೆ ಇದು ಸುಲಭದ ಪ್ರಶ್ನೆ ಅನ್ನಿಸಬಹುದು. ನಮ್ಮ ಮನೆಯಲ್ಲಿ ಅಲ್ಲ. ಇದುವರೆಗೆ ನಮ್ಮ ಮನೆಗೆ ಬಂದ ಮೂರು ಕಾರೂ ಒಂದೇ ಕಂಪನಿಯವು. ಮೊದಲನೆಯದನ್ನು ಮಾವನವರು ಕೊಂಡಿದ್ದರು. ಆಗಿನ ರಾಜಾಜಿನಗರದ ಬಾಡಿಗೆ ಮನೆಯ ಮುಂದೆ, ಬಾನೆಟ್ಟಿಗೆ ಚೆಂಡುಹೂವಿನ ಹಾರ ಹಾಕಿ, ಪಕ್ಕದಲ್ಲಿ ಮಾವ ಎದೆ ಉಬ್ಬಿಸಿ ನಿಂತು ತೆಗೆಸಿಕೊಂಡ ಫೋಟೋ ಈಗಲೂ ನಮ್ಮ ಹಾಲಿನ ಗೋಡೆಯಲ್ಲಿದೆ. ಅದರ ಪಕ್ಕದಲ್ಲೇ ಮಾವನವರ ಇನ್ನೊಂದು ಫೋಟೋ. (ಮೊದಲನೆಯದರಲ್ಲಿ ಹಾರ ಕಾರಿಗೆ, ಎರಡನೆಯದರಲ್ಲಿ ಮಾವನಿಗೆ.) ಅತ್ತೆ ದಿನಾ ಬೆಳಗ್ಗೆ ಎರಡೂ ಫೋಟೋಗೆ ಒಂದೊಂದು ದಾಸವಾಳ ಇಡುತ್ತಾರೆ. ಒಂದು ದಿನವೂ ತಪ್ಪಿಸಿದವರಲ್ಲ.

ಅಂಥವರ ಮುಂದೆ ಹೋಗಿ "ಈ ಸಲ ಬೇರೆ ಕಂಪನಿ ನೋಡ್ತಾ ಇದೀವಿ" ಅಂತ ಹೇಳುವ ಧೈರ್ಯ ಯಾರಿಗಿದೆ?

"ಅಮ್ಮನಿಗೆ ಬೇಜಾರಾಗುತ್ತೆ ಕಣೇ," ಅಂದರು ಇವರು. "ಮೊದಲು ನಾವು ನೋಡೋಣ. ಇಷ್ಟ ಆದರೆ ಆಮೇಲೆ ನಿಧಾನಕ್ಕೆ ಹೇಳಿದರಾಯ್ತು."

ಹಾಗಾಗಿ ಕಾರಿಗೆ ಒಂದು ಗುಪ್ತನಾಮ ಇಟ್ಟೆವು: ಫ್ರಿಜ್ಜು. ಊಟದ ಟೇಬಲ್ಲಿನಲ್ಲಿ ಅತ್ತೆಯ ಎದುರಿಗೇ ಚರ್ಚೆ. "ಆ ಫ್ರಿಜ್ಜು ಬಿಳೀದೇ ಚೆನ್ನಾಗಿತ್ತು ಅಲ್ವಾ?" "ಹಳೇ ಕಂಪನಿ ಫ್ರಿಜ್ಜೂ ಪರವಾಗಿಲ್ಲ ಕಣೇ." ಒಂದು ದಿನ ಇವರು ಮೈಮರೆತು "ಐದು ಸೀಟು ಸಾಕು ಬಿಡು, ಏಳು ಯಾಕೆ?" ಅಂದುಬಿಟ್ಟರು. ನಾನು ಟೇಬಲ್ ಕೆಳಗೆ ಇವರ ಕಾಲು ತುಳಿದೆ. ಅತ್ತೆ ತಲೆ ಎತ್ತದೆ ಮಜ್ಜಿಗೆ ಅನ್ನ ಕಲಸುತ್ತಿದ್ದರು. ಸದ್ಯ, ಕೇಳಿಸಲಿಲ್ಲ ಅಂದುಕೊಂಡೆವು.

ಶೋರೂಮಿಗೆ ಹೋಗುವಾಗ "ಆಫೀಸಿನವರ ಮಗಳ ರಿಸೆಪ್ಷನ್" ಅಂತ ಹೇಳಿ ಹೊರಟೆವು. ಸುಳ್ಳು ಹೇಳಿದ ಮೇಲೆ ಅದಕ್ಕೆ ತಕ್ಕ ಹಾಗೆ ಇರಬೇಕಲ್ಲ? ನಾನು ರೇಷ್ಮೆ ಸೀರೆ ಉಟ್ಟೆ, ಹೂ ಮುಡಿದೆ. ಒಳಗೆ ಕಾಲಿಟ್ಟ ಕೂಡಲೇ ಒಬ್ಬ ಹುಡುಗ "ಡೆಲಿವರಿ ಅಲ್ವಾ ಮೇಡಂ? ಬನ್ನಿ ಬನ್ನಿ" ಅಂತ ನಮ್ಮನ್ನು ಒಂದು ಕೆಂಪು ಕಾರಿನ ಮುಂದೆ ನಿಲ್ಲಿಸಿದ. ಇವರ ಕೈಗೆ ಮೂರಡಿ ಉದ್ದದ ರಟ್ಟಿನ ಕೀ ಕೊಟ್ಟು ಫೋಟೋ ಕೂಡ ತೆಗೆದ. ಕಾರಿನ ನಿಜವಾದ ಯಜಮಾನರು ಬಂದದ್ದು ಆಮೇಲೆ. ಅವರ ಮನೆಯಾಕೆಯೂ ರೇಷ್ಮೆ ಸೀರೆಯಲ್ಲೇ ಇದ್ದರು. ಆ ಹುಡುಗ ಕೊಟ್ಟಿದ್ದ ಪೇಡಾ ಡಬ್ಬಿ ಆಗಲೇ ಅರ್ಧ ಖಾಲಿಯಾಗಿತ್ತು. ವಾಪಸ್ ಕೊಡೋದು ಹೇಗೆ?

ಎರಡು ತಿಂಗಳು ಹೀಗೇ ಕಳೆಯಿತು. ಹಳೇ ಕಂಪನಿಯದೇ ಹೊಸ ಮಾಡೆಲ್ ಒಂದು ಕಡೆ. ಅದನ್ನು ತೆಗೆದುಕೊಂಡರೆ ಮುನಿರಾಜು ಇದ್ದಾರೆ, ಮಾವನ ನೆನಪಿದೆ. ಇನ್ನೊಂದು ಕಡೆ ಬೇರೆ ಕಂಪನಿಯ ಬಿಳೀ ಕಾರು. ನೋಡಲು ಚೆಂದ, ಬಾಗಿಲು ಹಾಕಿದರೆ ಬ್ಯಾಂಕ್ ಲಾಕರ್ ಹಾಕಿದ ಶಬ್ದ. ಆದರೆ ಅದರಲ್ಲಿ ಇಂಡಿಕೇಟರ್ ಕಡ್ಡಿ ಸ್ಟಿಯರಿಂಗಿನ ಎಡಕ್ಕೆ, ವೈಪರ್ ಬಲಕ್ಕೆ. ನಮ್ಮದರಲ್ಲಿ ಉಲ್ಟಾ. ವಿಜಯನಗರದಲ್ಲಿ ಮೊದಲ ಟೆಸ್ಟ್ ಡ್ರೈವ್ ಮಾಡಿದಾಗ ಇವರು ಪ್ರತಿ ತಿರುವಿನಲ್ಲೂ ಗಾಜು ಒರೆಸಿದರು. ಮಟಮಟ ಮಧ್ಯಾಹ್ನ, ಒಂದು ಹನಿ ಮಳೆಯಿಲ್ಲ. ಹಿಂದಿನ ಆಟೋದವನು ಪಕ್ಕಕ್ಕೆ ಬಂದು, "ಸಾರ್, ಲೆಫ್ಟಾ, ರೈಟಾ, ಇಲ್ಲ ಮಳೆನಾ?" ಅಂತ ಕೇಳಿದ.

ಆವತ್ತು ನನಗೆ ಹೊಳೆದದ್ದು ಇದು. ಕಂಪನಿಯ ಮೇಲಿನ ನಿಷ್ಠೆ ಅಂತ ನಾವು ದೊಡ್ಡದಾಗಿ ಹೇಳ್ತೀವಲ್ಲ, ಅದು ಇರೋದು ಹೃದಯದಲ್ಲಲ್ಲ, ಮಣಿಕಟ್ಟಿನಲ್ಲಿ. ನಿಮ್ಮ ಮನೆಯ ಟೀ ಪುಡಿ ಯಾಕೆ ಅದೇ? ಯಾರಾದರೂ ಯಾವತ್ತಾದರೂ ಕೂತು ಯೋಚಿಸಿ ಆರಿಸಿದ್ದಾ? ಅಂಗಡಿಯವನ ಮುಂದೆ ನಿಂತರೆ ಕೈ ತಾನೇ ಆ ಪೊಟ್ಟಣದ ಕಡೆ ಹೋಗುತ್ತೆ, ಅಷ್ಟೇ.

ಇರಲಿ, ಅತ್ತೆ ಇನ್ನೂ ಸಿಕ್ಕಿಲ್ಲ.

ಇವರು ಚಾರ್ಜಿಗೆ ಹಾಕಿದ್ದ ಫೋನ್ ತೆಗೆದು ನೋಡಿದರು. ಸೈಲೆಂಟಿನಲ್ಲಿತ್ತು. ಎರಡನೆಯ ಟೆಸ್ಟ್ ಡ್ರೈವಿಗೆ ಬಿಳೀ ಕಾರು ತರಬೇಕಿದ್ದ ಶೋರೂಮಿನ ಹುಡುಗಿ ಭವ್ಯಳಿಂದ ಐದು ಮಿಸ್ಡ್ ಕಾಲ್. ತಿರುಗಿ ಮಾಡಿದರೆ ಅವಳು ಎತ್ತಲಿಲ್ಲ. ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಕೆಂಗೇರಿಯಿಂದ ಚಿಕ್ಕಮ್ಮ. ಅತ್ತೆಯ ಒಬ್ಬಳೇ ತಂಗಿ.

"ಅಕ್ಕ ಬಂದಿದಾಳೆ ಕಣೇ!" ಎಪ್ಪತ್ತೆಂಟರ ಚಿಕ್ಕಮ್ಮನ ದನಿ ಹದಿನೆಂಟರದಾಗಿತ್ತು. "ಯಾವುದೋ ಹುಡುಗಿ ಕರ್ಕೊಂಡು ಬಂದಿದಾಳೆ. ಕಾರಿನಿಂದ ತಾನೇ ಇಳಿದಳು, ಯಾರೂ ಹಿಡೀಲಿಲ್ಲ! ನೀವ್ಯಾಕೆ ಬರಲಿಲ್ಲ?"

ಒಲೆ ಆರಿಸಿ, ಹಳೇ ಕಾರು ಹತ್ತಿ ಹೊರಟೆವು.

ನನಗೊಂದು ಅಭ್ಯಾಸ ಉಂಟು. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಒಂದು ಪುಸ್ತಕ ಇಟ್ಟಿದ್ದೇನೆ. ಯಾವ ದಿನ, ಯಾರು, ಎಲ್ಲಿಗೆ, ದಾರಿಯಲ್ಲಿ ಏನಾಯಿತು, ಎಲ್ಲ ಒಂದೊಂದು ಸಾಲು. (ಇವರು ಅದನ್ನು ಕಾರಿನ ಜಾತಕ ಅನ್ನುತ್ತಾರೆ.) ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ನಿಂತಾಗ ಅಭ್ಯಾಸಬಲದಿಂದ ಪುಸ್ತಕ ತೆಗೆದೆ. "ಭಾನುವಾರ. ನಾವಿಬ್ಬರು. ಕೆಂಗೇರಿ" ಅಂತ ಬರೆದೆ. ಕೆಂಗೇರಿಗೆ ಹೋಗಿ ಎಷ್ಟು ದಿನವಾಯಿತು ಅಂತ ಹಾಳೆ ಹಿಂದಕ್ಕೆ ತಿರುಗಿಸಿದೆ.

ಎರಡು ವರ್ಷದ ಹಿಂದೆ ವಾರ ತಪ್ಪದೆ ಇತ್ತು. "ಗುರುವಾರ. ಅತ್ತೆ. ಕೆಂಗೇರಿ." ನಾನೇ ಓಡಿಸಿಕೊಂಡು ಹೋಗುತ್ತಿದ್ದೆ. ಆಮೇಲೆ, "ಗುರುವಾರ. ಅತ್ತೆ. ಕೆಂಗೇರಿ. ಇಳಿಯುವಾಗ ಕೈ ಹಿಡಿದೆ." ಆಮೇಲೆ ಹದಿನೈದು ದಿನಕ್ಕೊಮ್ಮೆ. ಆಮೇಲೆ ತಿಂಗಳಿಗೊಮ್ಮೆ. ಯುಗಾದಿಯ ಮರುವಾರದ್ದು ಹೀಗಿತ್ತು: "ಅತ್ತೆ. ಕೆಂಗೇರಿ. ಇಳಿಸಲು ಇಬ್ಬರು ಬೇಕಾಯಿತು. ಅತ್ತೆ ನಕ್ಕರು."

ಅದಾದ ಮೇಲೆ ಕೆಂಗೇರಿಯೇ ಇಲ್ಲ. ಆಗಲೇ ದೀಪಾವಳಿ ಮುಗಿದಿತ್ತು.

"ಫೋನಿನಲ್ಲಿ ದಿನಾ ಮಾತಾಡ್ತೀನಲ್ಲಮ್ಮ, ಹೋಗಿ ಏನು ಮಾಡಬೇಕು?" ಅನ್ನುತ್ತಿದ್ದರು ಅತ್ತೆ. ನಾನೂ ನಂಬಿದ್ದೆ. ಎಲ್ಲವನ್ನೂ ಬರೆದವಳು ನಾನೇ. ಒಂದು ಸಲವಾದರೂ ಓದಿದ್ದೇನಾ?

ಪುಸ್ತಕ ಇವರ ತೊಡೆಯ ಮೇಲಿಟ್ಟೆ. ಓದಿದರು. ಸಿಗ್ನಲ್ ಹಸಿರಾಗಿ, ಹಿಂದಿನವರೆಲ್ಲ ಹಾರ್ನ್ ಹೊಡೆದರೂ ಕಾರು ಮುಂದಕ್ಕೆ ಹೋಗಲಿಲ್ಲ.

ಕೆಂಗೇರಿ ಉಪನಗರದ ಚಿಕ್ಕಮ್ಮನ ಮನೆಯಲ್ಲಿ ದರ್ಬಾರು ನಡೆದಿತ್ತು. ಅಕ್ಕ ತಂಗಿ ದಿವಾನದ ಮೇಲೆ ಒಬ್ಬರ ಕೈ ಒಬ್ಬರು ಹಿಡಿದು ಕೂತಿದ್ದರು. ಎದುರಿಗೆ ಭವ್ಯ, ಯೂನಿಫಾರ್ಮಿನಲ್ಲಿ, ಮೂರನೆಯ ಅಕ್ಕಿರೊಟ್ಟಿ ಮುರಿಯುತ್ತಿದ್ದಳು. ನಮ್ಮನ್ನು ಕಂಡಿದ್ದೇ ಎದ್ದು ನಿಂತಳು.

"ಸಾರಿ ಸಾರ್, ಬೇಗ ಬಂದ್ಬಿಟ್ಟೆ. ಇವರು ಗೇಟಲ್ಲೇ ಇದ್ರು. ಟೆಸ್ಟ್ ಡ್ರೈವ್ ಬುಕಿಂಗ್ ಈ ಮನೇದೇನಾ ಅಂತ ಕೇಳಿದೆ. ಹೌದಮ್ಮ, ನಾನೇ ಅಂತ ಹತ್ತೇಬಿಟ್ರು! ಒಂದು ರೌಂಡ್ ಅಂದ್ಕೊಂಡೆ. ಲೆಫ್ಟ್ ಹೋಗು, ನೇರ ಹೋಗು ಅಂತ ಹೇಳ್ತಾನೇ ಇದ್ರು. ಅಜ್ಜಿ, ಇಷ್ಟು ದೂರ ಅಲೌ ಇಲ್ಲ ಅಂದೆ. ಅದಕ್ಕೆ..." ಅವಳು ಅತ್ತೆಯ ಮುಖ ನೋಡಿದಳು.

"ಯಾಕೆ, ನಿಮ್ಮ ಕಾರು ದೂರ ಹೋಗಲ್ವೇನಮ್ಮ ಅಂದೆ," ಅಂದರು ಅತ್ತೆ. "ಕೊಳ್ಳೋರು ಕೇಳಬಾರದಾ?"

ಇವರಿಗೆ ಅಷ್ಟು ಹೊತ್ತಿನ ಗಾಬರಿ ಸಿಟ್ಟಾಗಿ ಹೊರಬಂತು. "ಒಂದು ಮಾತು ಹೇಳದೆ ಬರೋದೇನಮ್ಮಾ?"

"ನೀವು ಹೇಳಿದ್ರೇನೋ?"

ಇವರು ನನ್ನ ಮುಖ ನೋಡಿದರು, ನಾನು ಭವ್ಯಳ ತಟ್ಟೆ ನೋಡಿದೆ.

"ಐದು ಸೀಟಿನ ಫ್ರಿಜ್ಜು ಯಾವ ಅಂಗಡೀಲಿ ಸಿಗುತ್ತೆ ಅಂತ ನಾನೂ ಎರಡು ತಿಂಗಳಿಂದ ಯೋಚನೆ ಮಾಡ್ತಿದೀನಿ." ಚಿಕ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅವರಿಗೆ ಎಲ್ಲ ಮೊದಲೇ ವರದಿಯಾಗಿತ್ತು ಅಂತ ಕಾಣುತ್ತೆ.

"ನಿನಗೆ ಬೇಜಾರಾಗುತ್ತೆ ಅಂತ ಅಮ್ಮ," ಇವರ ದನಿ ಇಳಿಯಿತು. "ಅಪ್ಪನ ಕಂಪನಿ ಕಾರು. ಫೋಟೋಗೆ ದಿನಾ ಹೂ ಬೇರೆ ಇಡ್ತೀಯ."

"ಫೋಟೋದಲ್ಲಿ ನಿಮ್ಮಪ್ಪ ನಿಂತಿದಾರಲ್ಲೋ! ಹೂವು ಅವರಿಗೆ. ಕಾರಿಗೆ ಯಾರಾದ್ರೂ ದಿನಾ ಹೂ ಇಡ್ತಾರಾ?" ಅತ್ತೆ ನನ್ನ ಕಡೆ ತಿರುಗಿದರು. "ಆ ಕಾರು ಹತ್ತೋದು ಅಂದ್ರೆ ಬಾವಿಗೆ ಇಳಿದ ಹಾಗಮ್ಮ. ಇಳಿಯೋದು ಅಂದ್ರೆ ಅದೇ ಬಾವಿಯಿಂದ ಮೇಲೆ ಬಂದ ಹಾಗೆ. ಕೂತ್ಮೇಲೆ ಬಾಗಿಲೂ ತೆಗೆಯಕ್ಕೆ ಬರಲ್ಲ. ಇದು ನೋಡು, ಸೀಟು ಸೊಂಟದ ಮಟ್ಟಕ್ಕಿದೆ. ಕುರ್ಚಿ ಮೇಲೆ ಕೂತ ಹಾಗೆ ಕೂತೆ, ಎರಡು ಕಾಲು ಒಳಕ್ಕೆ ಎಳ್ಕೊಂಡೆ, ಆಯ್ತು."

"ಮತ್ತೆ ಮೊದಲೇ ಹೇಳಬಾರದಿತ್ತಾ ಅತ್ತೆ?"

"ಹೇಗೆ ಹೇಳಲಿ? ಅಪ್ಪನ ನೆನಪು ಅಂತ ಇವನು ಪ್ರತಿ ಭಾನುವಾರ ಅದನ್ನ ಒರೆಸ್ತಾ ನಿಂತಿರ್ತಾನೆ. ಆ ಕಾರು ನನಗಾಗಲ್ಲ ಅಂದ್ರೆ ಅವನಿಗೆ ಬೇಜಾರಾಗಲ್ವಾ?"

ಕೇಳಿದಿರಾ? ಎರಡು ತಿಂಗಳು ನಾವು ಅವರ ಮನಸ್ಸು ಕಾಪಾಡಿದೆವು, ಎರಡು ವರ್ಷ ಅವರು ನಮ್ಮ ಮನಸ್ಸು ಕಾಪಾಡಿದರು. ಒಂದೇ ಟೇಬಲ್ಲಿನಲ್ಲಿ ದಿನಾ ಊಟ ಮಾಡಿಕೊಂಡು! ಈ ಕಾಪಾಡುವ ಕೆಲಸದಲ್ಲಿ ಕಳೆದುಹೋದದ್ದು ಅಕ್ಕ ತಂಗಿಯ ಅಷ್ಟೂ ಗುರುವಾರಗಳು. ಹೊಂದಿಕೊಂಡು ಹೋಗುವ ಮನೆ ಅಂತ ನೆಂಟರೆಲ್ಲ ನಮ್ಮನ್ನು ಹೊಗಳುತ್ತಾರೆ. ಹೊಂದಿಕೊಳ್ಳುವುದು ಹೆಚ್ಚಾದರೆ ಮಂಡಿ ನೋವೂ ಬಾಯಿ ಬಿಡುವುದಿಲ್ಲ ಅಂತ ಯಾರೂ ಹೇಳಿರಲಿಲ್ಲ.

ಇವರು ಕೊನೆಯ ಪ್ರಯತ್ನ ಮಾಡಿದರು. "ಆದರೂ ಅಪ್ಪ ಇದ್ದಿದ್ರೆ ಕಂಪನಿ ಬಿಡ್ತಿರಲಿಲ್ಲ ಅಲ್ವೇನಮ್ಮ?"

"ನಿಮ್ಮಪ್ಪ ಆ ಕಂಪನಿ ಯಾಕೆ ತಗೊಂಡ್ರು ಗೊತ್ತೇನೋ?" ಅತ್ತೆ ಚಿಕ್ಕಮ್ಮನ ತಟ್ಟೆಯಿಂದ ಒಂದು ಚೂರು ರೊಟ್ಟಿ ಮುರಿದುಕೊಂಡರು. "ಅವರ ಶೋರೂಮು ನಮ್ಮ ಮನೆಗೆ ನಡೆಯೋ ದೂರದಲ್ಲಿತ್ತು. ಇನ್ನೊಂದಕ್ಕೆ ಹೋಗಬೇಕಂದ್ರೆ ಎರಡು ಬಸ್ ಬದಲಾಯಿಸಬೇಕಿತ್ತು. ನಿಮ್ಮಪ್ಪನಿಗೆ ಬಿಸಿಲು ಅಂದ್ರೆ ಆಗ್ತಿರಲಿಲ್ಲ."

ಮೂವತ್ತು ವರ್ಷ, ಮೂರು ಕಾರು. ನಮ್ಮ ವಂಶದ ನಿಷ್ಠೆಗೆ ಕಾರಣ, ಒಂದು ಬಿಸಿಲು!

ವಾಪಸ್ ಬರುವಾಗ ಅತ್ತೆ ಬಿಳೀ ಕಾರಿನಲ್ಲೇ ಕೂತರು, ಮುಂದಿನ ಸೀಟಿನಲ್ಲಿ. ಇವರು ಓಡಿಸಿದರು, ಭವ್ಯ ಹಿಂದೆ ಕೂತು ಮ್ಯಾನೇಜರಿಗೆ ಫೋನಿನಲ್ಲಿ ಸಮಜಾಯಿಷಿ ಕೊಡುತ್ತಿದ್ದಳು. ಹಳೇ ಕಾರಿನಲ್ಲಿ ನಾನೊಬ್ಬಳೇ. ಹೊರಡುವ ಮೊದಲು ಪುಸ್ತಕ ತೆಗೆದು ಆ ದಿನದ ಸಾಲಿಗೆ ಒಂದು ಮಾತು ಸೇರಿಸಿದೆ: "ಅತ್ತೆ ತಾವೇ ಇಳಿದರು."

ಹೊಸ ಕಾರು ಹೋದ ವಾರ ಮನೆಗೆ ಬಂತು. ಚಕ್ರಕ್ಕೆ ನಿಂಬೆಹಣ್ಣು ಇಟ್ಟವರು ಅತ್ತೆ. ಫೋಟೋ ತೆಗೆಯುವಾಗ ಬಾನೆಟ್ಟಿನ ಪಕ್ಕ ಎದೆ ಉಬ್ಬಿಸಿ ನಿಂತವರೂ ಅವರೇ. ಮುನಿರಾಜು ಬಂದು ಒಂದು ಸುತ್ತು ಹಾಕಿ, ಬಾನೆಟ್ ತೆಗೆಸಿ ನೋಡಿ, "ಕಲಿತ್ಕೊಳ್ತೀನಿ ಬಿಡಿ ಮೇಡಂ" ಅಂದರು. ಹಳೇ ಪುಸ್ತಕವನ್ನೇ ಹೊಸ ಡ್ಯಾಶ್‌ಬೋರ್ಡಿಗೆ ಹಾಕಿದ್ದೇನೆ. ಕಂಪನಿ ಬದಲಾದರೂ ಜಾತಕ ಒಂದೇ ಇರಲಿ. ಇನ್ನು ಮೇಲೆ ತಿಂಗಳಿಗೊಮ್ಮೆ ಓದಲೂ ಬೇಕು ಅಂದುಕೊಂಡಿದ್ದೇನೆ.

ಬದಲಾಗದೆ ಉಳಿದದ್ದು ಇವರ ಕೈ ಮಾತ್ರ, ಅದಿನ್ನೂ ಹಳೇ ಕಂಪನಿಯಲ್ಲೇ ಇದೆ. ಹಾಗಾಗಿ ಯಾವುದಾದರೂ ಗುರುವಾರ ಬೆಳಗ್ಗೆ, ಸುಡುಬಿಸಿಲಿನಲ್ಲಿ ವೈಪರ್ ಆಡಿಸಿಕೊಂಡು ನಾಯಂಡಹಳ್ಳಿಯಲ್ಲಿ ಬಲಕ್ಕೆ ತಿರುಗುವ ಬಿಳೀ ಕಾರು ಕಂಡರೆ ನಗಬೇಡಿ, ಹಾರ್ನ್ ಹೊಡೆಯಬೇಡಿ, ಸ್ವಲ್ಪ ದಾರಿ ಬಿಡಿ. ತಂಗಿಯ ಮನೆಗೆ ಅಕ್ಕ ಹೊರಟಿದ್ದಾರೆ.