ಬುಟ್ಟಿಯಲ್ಲಿ ಇಳಿಯುವ ಬಸ್ಬೂಸಾ

ಕೈರೋದ ಶುಬ್ರಾದಲ್ಲಿ ತಾನು ಹೊಲಿದ ಉಡುಪು ತೊಡದ ನರ್ತಕಿಯೇ ಇಲ್ಲವೆಂದು ಇನ್ಸಾಫ್ ಹೇಳಿಕೊಳ್ಳುತ್ತಿದ್ದಳು. ಬೇರೆಯವರು ಹೊಗಳಲಿ ಎಂದು ಕಾದು ಕೂರುವ ಜಾಯಮಾನ ಅವಳದಲ್ಲ. ಮಣಿ, ಮಿಂಚು, ಜಾಲರಿ ಹೊಲಿದೂ ಹೊಲಿದೂ ಕಣ್ಣು ಮಂಜಾಯಿತು, ಮಂಡಿ ಹಿಡಿದುಕೊಂಡಿತು. ಇನ್ನು ನಾಲ್ಕನೆಯ ಮಹಡಿಯಲ್ಲಿ ಹಾಯಾಗಿ ಕೂತು ಊರವರ ಸುದ್ದಿ ಕೇಳಿಕೊಂಡಿರೋಣ ಎಂದುಕೊಳ್ಳುವಷ್ಟರಲ್ಲಿ ಒಬ್ಬ ನರ್ತಕಿ ಬಂದು, "ಅತ್ತೆ, ನಾಲ್ಕೇ ದಿನ ನೋಡ್ಕೊಳಿ, ದುಬೈಗೆ ಹೋಗಿ ಬಂದ್ಬಿಡ್ತೀನಿ" ಎಂದು ಒಂದು ನಾಯಿಮರಿಯನ್ನು ಅವಳ ಮಡಿಲಿಗೆ ಹಾಕಿದಳು. ಹೋದವಳು ಅಲ್ಲೇ ಮದುವೆಯಾಗಿ ಎರಡು ಮಕ್ಕಳನ್ನೂ ಹೆತ್ತಳು. ನಾಯಿ ಇಲ್ಲೇ ಉಳಿಯಿತು.

ಅಪ್ಪ ಪೂಡಲ್, ಅಮ್ಮ ಮಾಲ್ಟೀಸ್. ಬೇಕೆಂದೇ ಕೂಡಿಸಿ ಹುಟ್ಟಿಸಿದ ಫ್ಯಾಶನ್ ತಳಿ. ಮೈಬಣ್ಣ ಸಕ್ಕರೆ ಪಾಕದಲ್ಲಿ ನೆನೆದ ರವೆಯ ಸಿಹಿಯದಾದ್ದರಿಂದ ಆ ಸಿಹಿಯ ಹೆಸರನ್ನೇ ಇಟ್ಟು ಬಸ್ಬೂಸಾ ಎಂದು ಕರೆದಳು. ಅದರ ಕೂದಲು ಉದುರುವುದಿಲ್ಲ, ಅದೊಂದು ಪುಣ್ಯ. ಉದುರದ ಕೂದಲು ಗಂಟುಗಟ್ಟುತ್ತದೆ, ಅದೊಂದು ಕರ್ಮ. ಒಂದು ದಿನ ಬಾಚದಿದ್ದರೆ ಕಿವಿಯ ಹಿಂದೆ ಗಂಟು ಸಿದ್ಧ. ಕಣ್ಣಿಂದ ಸದಾ ನೀರು ಸೋರುತ್ತದೆ, ಒರೆಸದಿದ್ದರೆ ಕೆನ್ನೆಯ ಮೇಲೆ ಕಂದು ಗೆರೆ. ಈರುಳ್ಳಿ, ದ್ರಾಕ್ಷಿ, ಚಾಕಲೇಟು ಮುಟ್ಟಿಸುವಂತಿಲ್ಲ. ಒಂಟಿಯಾಗಿ ಬಿಟ್ಟರಂತೂ ಇಡೀ ಬೀದಿಗೆ ಕೇಳುವ ಹಾಗೆ ರಾಗ. "ಇದರಲ್ಲಿ ಕಾಲುಭಾಗ ಸೇವೆ ನನ್ ಗಂಡನಿಗೆ ಮಾಡಿದ್ರೆ ಆ ಪುಣ್ಯಾತ್ಮ ಇನ್ನೂ ಬದುಕಿರ್ತಿದ್ದ" ಎನ್ನುತ್ತಲೇ ಅವಳು ಉಳಿದಿದ್ದ ಮಿಂಚುಗಳಿಂದ ಅದಕ್ಕೊಂದು ಅಂಗಿ ಹೊಲಿದಳು.

ಲಿಫ್ಟ್ ಕೆಟ್ಟು ಯಾವ ಕಾಲವಾಯಿತೋ. ಮೆಟ್ಟಿಲಿಗೆ ಇನ್ಸಾಫಳ ಮಂಡಿ ಒಪ್ಪುವುದಿಲ್ಲ. ಆದರೆ ಬಾಲ್ಕನಿಯಿಂದ ಹಗ್ಗಕ್ಕೆ ಕಟ್ಟಿ ಇಳಿಬಿಡುವ ಬುಟ್ಟಿ ಇದೆಯಲ್ಲ! ಎಲ್ಲರ ಮನೆಯ ಬುಟ್ಟಿಯಲ್ಲಿ ರೊಟ್ಟಿ, ಚೀಸು ಓಡಾಡಿದರೆ ಅವಳ ಬುಟ್ಟಿಯಲ್ಲಿ ನಾಯಿ ಓಡಾಡಿತು. ಪಟ್ಟಿ ಬಿಗಿದು, ಮೇಲೊಂದು ಬಟ್ಟೆ ಹೊದಿಸಿ ಇಳಿಸುವಳು. ಕೆಳಗೆ ಕಿರಾಣಿ ಅಂಗಡಿಯ ಶೆಹಾತಾ ಮರದ ಬುಡಕ್ಕೆ ಕರೆದೊಯ್ದು, ಅದರ ಕೆಲಸ ಮುಗಿದ ಮೇಲೆ ಮತ್ತೆ ಬುಟ್ಟಿಯಲ್ಲಿಟ್ಟು ಕೂಗುವನು. ಬಸ್ಬೂಸಾ ರಾಣಿಯ ಹಾಗೆ ಸುಮ್ಮನೆ ಕೂತು ಮೇಲೇರುವುದು.

ಆದರೆ ಆ ಬುಟ್ಟಿ ಮೂರನೆಯ ಮಹಡಿಯ ಹಾಜಿ ಮಿತ್ವಲ್ಲಿಯ ಬಾಲ್ಕನಿಯ ಮುಂದೆಯೇ ಹಾದುಹೋಗಬೇಕು. ಹಾಜಿ ತೆರಿಗೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತನಾದವನು, ಈಗ ನಿವಾಸಿಗಳ ಸಂಘದ ಅಧ್ಯಕ್ಷ. ಅವನ ಹೆಂಡತಿಯೂ ಅವನ ಮುಂದೆ ಮೆಲ್ಲಗೆ ಕೆಮ್ಮುತ್ತಿದ್ದಳು.

"ತಿಂಡಿ ತಿನ್ನೋ ಹೊತ್ತಿಗೆ ಎದುರಿಗೆ ನಾಯಿ ಹಾರ್ಕೊಂಡು ಹೋಗುತ್ತೆ, ಇದೇನು ಸರ್ಕಸ್ಸಾ?" ಎಂದು ಅವನು ಕೂಗಿದ್ದ. "ಸೋಮವಾರ ಸಂಜೆ ಸಭೆ ಇದೆ. ಅದು ಹೋಗ್ಬೇಕು, ಅಷ್ಟೇ."

ಇನ್ಸಾಫ್ ಜಗಳಗಂಟಿ, ಆದರೂ ಅಂದು ಬುಟ್ಟಿ ಎಳೆದುಕೊಂಡು ಒಳಗೆ ಹೋದಳು. ಸಂಘ ಹಾಜಿಯ ಮಾತು ಮೀರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಬಸ್ಬೂಸಾ ಹೋದರೆ ಬೆಳಿಗ್ಗೆ ಎದ್ದು ಯಾರನ್ನು ಬೈಯುವುದು ಎಂದು ನೆನೆದು ಅವಳಿಗೆ ಅಳು ಬಂತು.

ಸೋಮವಾರ ಬೆಳಿಗ್ಗೆ ಶೆಹಾತಾನ ಅಂಗಡಿಯಲ್ಲಿ ನೂಕುನುಗ್ಗಲು. ಇನ್ಸಾಫಳ ಬುಟ್ಟಿ, ಹಾಜಿಯ ಬುಟ್ಟಿ ಪಕ್ಕಪಕ್ಕ ನೇತಾಡುತ್ತಿದ್ದವು. ಎರಡೂ ಒಬ್ಬನೇ ಹೆಣೆದ ಈಚಲಗರಿಯವು. "ಎಳೀರೀ!" ಎಂದು ಕೂಗು ಬಂತು. ಇನ್ಸಾಫ್ ಎಳೆದಳು. ಬಟ್ಟೆ ಸರಿಸಿದರೆ ಬಿಸಿ ರೊಟ್ಟಿ, ಬೆಂದ ಕಾಳಿನ ಡಬ್ಬಿ, ಬಿಳಿ ಚೀಸು.

"ಶೆಹಾತಾ! ನನ್ ಮಗು ಎಲ್ಲೋ?"

ಶೆಹಾತಾ ಮೇಲೆ ನೋಡಿದ, ಹಣೆ ಚಚ್ಚಿಕೊಂಡ, ಮೂರನೆಯ ಮಹಡಿಯತ್ತ ಬೆರಳು ತೋರಿಸಿದ. "ಅಕ್ಕಾ, ಕೈ ತಪ್ಪೋಯ್ತು!"

ಕೆಳಗಿನಿಂದ ಗಂಡಸಿನ ಕಿರುಚಾಟ ಕೇಳಿಸಿತು. ಇನ್ಸಾಫ್ ಮಂಡಿಯನ್ನೂ ಮೆಟ್ಟಿಲನ್ನೂ ಒಟ್ಟಿಗೆ ಶಪಿಸುತ್ತ ಇಳಿದಳು. ಹಾಜಿಯ ಹೆಂಡತಿ ಬಾಯಿಗೆ ತಲೆವಸ್ತ್ರದ ತುದಿ ತುರುಕಿಕೊಂಡು ನಗು ತಡೆಯುತ್ತ ಬಾಗಿಲು ತೆರೆದಳು. ಹಾಜಿ ಕುರ್ಚಿಯ ಮೇಲೆ ನಿಂತಿದ್ದ. ಕೆಳಗೆ ಬಸ್ಬೂಸಾ ಮಿಂಚಿನಂಗಿ ಥಳಥಳಿಸುತ್ತ, ಬಾಲದ ಜೊತೆ ಸೊಂಟವನ್ನೂ ಕುಣಿಸುತ್ತ, ಕಳೆದುಹೋದ ಅಣ್ಣ ಸಿಕ್ಕನೆಂಬ ಹಾಗೆ ಜಿಗಿಯುತ್ತಿತ್ತು.

"ಅದ್ಯಾಕಮ್ಮ ಹೀಗಾಡುತ್ತೆ? ಏನು ಬೇಕಂತೆ ಅದಕ್ಕೆ?"

"ಏನೂ ಬೇಡ ಹಾಜಿಯವರೇ. ನಿಮ್ಮನ್ನ ನೋಡಿ ಖುಷಿ ಅದಕ್ಕೆ."

"ನನ್ನ ನೋಡೀನಾ?"

ಹಾಜಿ ಅದೆಷ್ಟೋ ವರ್ಷ ಮನೆಮನೆಯ, ಅಂಗಡಿ ಅಂಗಡಿಯ ಬಾಗಿಲು ತಟ್ಟಿದ್ದ. ಅವನನ್ನು ಕಂಡು ಖುಷಿಪಟ್ಟವರು ಒಬ್ಬರೂ ಇರಲಿಲ್ಲ. ಅವನು ಮೆಲ್ಲಗೆ ಒಂದು ಕಾಲು ಇಳಿಸಿದ. ಬಸ್ಬೂಸಾ ಹೆಬ್ಬೆರಳು ನೆಕ್ಕಿತು.

"ಅಯ್ಯೋ! ನಾಯಿ ಎಂಜಲು ತಾಗಿದ್ರೆ ನಮ್ಮ ಧರ್ಮದಲ್ಲಿ ಏಳು ಸಲ ತೊಳೀಬೇಕು, ಅದರಲ್ಲಿ ಒಂದು ಸಲ ಮಣ್ಣು ಹಾಕಿ!" ಎಂದು ಬಾಲ್ಕನಿಯ ಕಾಮಕಸ್ತೂರಿ ಕುಂಡದತ್ತ ಸಂಕಟದಿಂದ ನೋಡಿದ. ಆದರೆ ಕಾಲು ಹಿಂದೆಗೆಯಲಿಲ್ಲ. "ಅಳ್ತಾ ಇದೆಯಲ್ಲ?"

"ಅದು ಅಳು ಅಲ್ಲ, ಈ ತಳಿಯ ಕಣ್ಣೇ ಹಾಗೆ. ದಿನಾ ಒರೆಸ್ಬೇಕು."

"ಕಿವಿ ಹಿಂದೆ ಗಂಟಿದೆ. ಬಾಚಿಲ್ವಾ ಇವತ್ತು?" ಹಾಜಿಯ ದನಿಯಲ್ಲಿ ಹಳೆಯ ಇನ್‌ಸ್ಪೆಕ್ಟರ್ ಎದ್ದು ಕೂತ. "ಬೇಜವಾಬ್ದಾರಿ!"

ಇನ್ಸಾಫ್ ನಾಯಿಯನ್ನು ಎತ್ತಿಕೊಂಡು ಬಂದಳು. ಬೈಸಿಕೊಂಡಿದ್ದಕ್ಕೆ ಸಿಟ್ಟು, ಸಂಜೆಯ ಸಭೆಯ ಭಯ, ಎರಡೂ ಸೇರಿ ಅನ್ನ ಸೇರಲಿಲ್ಲ. ಹಾಜಿಯ ಕಾಳು, ರೊಟ್ಟಿ ಮಾತ್ರ ಸೇರಿತು.

ಸಂಜೆ ಸಭೆ ಹಾಜಿಯ ಮನೆಯಲ್ಲೇ ಸೇರಿತು. ಹಾಜಿ ಎದ್ದು ಗಂಟಲು ಸರಿಮಾಡಿಕೊಂಡ. "ಇನ್ನು ಮುಂದೆ ಆ ನಾಯಿ ಮೆಟ್ಟಿಲ ಮೇಲೆ ಕಾಲಿಡಕೂಡದು. ಲಿಫ್ಟಿನಲ್ಲೂ ಕೂಡದು." ಎಲ್ಲರೂ ತಲೆಯಾಡಿಸಿದರು. ಇನ್ಸಾಫ್ ಎದ್ದು ಹೊರಡಲು ಚಪ್ಪಲಿ ಹುಡುಕಿದಳು.

"ಹಾಗಾದ್ರೆ ಬುಟ್ಟಿ?" ಎಂದು ಯಾರೋ ಕೇಳಿದರು.

"ಬುಟ್ಟಿ ಹೋಗೋದು ಗಾಳಿಯಲ್ಲಿ," ಎಂದ ಹಾಜಿ, ಯಾರ ಮುಖವನ್ನೂ ನೋಡದೆ. "ಗಾಳಿ ಮೇಲೆ ಸಂಘಕ್ಕೆ ಏನು ಅಧಿಕಾರ ಇದೆ? ಮುಂದಿನ ವಿಷಯ, ನೀರಿನ ಟ್ಯಾಂಕು."

ಇನ್ಸಾಫಳಿಗೆ ನಂಬಿಕೆಯೇ ಬರಲಿಲ್ಲ. ಮರುದಿನ ಬೆಳಿಗ್ಗೆ ಬಸ್ಬೂಸಾ ಮರದ ಬುಡದ ಕೆಲಸ ಮುಗಿಸಿದ ಹೊತ್ತಿಗೆ ಹಾಜಿಯ ಬುಟ್ಟಿ ಖಾಲಿಯಾಗಿ ಕೆಳಗಿಳಿಯುವುದು ಕಂಡಿತು.

"ಏನು ಕಳಿಸ್ಲಿ ಹಾಜಿಯವರೇ? ಕಾಳಾ, ರೊಟ್ಟಿನಾ?" ಎಂದ ಶೆಹಾತಾ.

ಹಾಜಿ ಬೀದಿಯ ಆಚೆ ಈಚೆ ನೋಡಿ ದನಿ ತಗ್ಗಿಸಿದ. ಆ ದನಿಯೂ ನಾಲ್ಕನೆಯ ಮಹಡಿಗೆ ಕೇಳುವಂಥದ್ದೇ.

"ನಿನ್ನೆ ಮಾಡಿದ ತಪ್ಪನ್ನೇ ಇವತ್ತೂ ಮಾಡಯ್ಯಾ."

ಇನ್ಸಾಫ್ ಬಗ್ಗಿ ನೋಡಿದಳು. ಕಾಮಕಸ್ತೂರಿ ಕುಂಡದ ಪಕ್ಕದಲ್ಲಿ ಹೊಸ ಮಣ್ಣಿನ ಚೀಲವೊಂದು ಬಂದು ಕೂತಿತ್ತು. ಅವಳು ಸದ್ದಿಲ್ಲದೆ ಬಾಚಣಿಗೆಯನ್ನು ದಾರಕ್ಕೆ ಕಟ್ಟಿ ಮೂರನೆಯ ಮಹಡಿಯವರೆಗೆ ಇಳಿಬಿಟ್ಟಳು. ಒಂದು ಕೈ ಹೊರಬಂದು ಅದನ್ನು ಬಿಚ್ಚಿಕೊಂಡಿತು.