ಐವತ್ತನೇ ವರ್ಷದ ಜಮೀನು

ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನ ಪಕ್ಕ ಪೈಪು ಹಾಕಲು ಜೆಸಿಬಿ ಬಂದಿದೆ. ಬೆಳಿಗ್ಗೆ ಕಿಟಕಿ ತೆರೆದಾಗ ಡೀಸೆಲ್ ಹೊಗೆ, ಅಗೆದ ಹಸಿಮಣ್ಣಿನ ವಾಸನೆ ಒಟ್ಟಿಗೇ ಬಂತು. ಕಿಟಕಿ ಮುಚ್ಚಿದೆ. ಮಾಸ್ತರು ನೆನಪಾದರು...

ಇಪ್ಪತ್ತೈದು ವರ್ಷಗಳ ಹಿಂದೆ, ಇದೇ ಊರಿನ ಮಾದಾಪುರದಲ್ಲಿ ಐಟಿ ಕಚೇರಿಗಳು ಆಗಷ್ಟೇ ಏಳುತ್ತಿದ್ದವು. ಮೈಸೂರಿನಿಂದ ಕೆಲಸಕ್ಕೆ ಬಂದ ನಾನು ಮಾಸ್ತರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಅವರು ಬೀದರ ಕಡೆಯ ಕ್ರೈಸ್ತರು, ಶಾಲೆಯಿಂದ ನಿವೃತ್ತರಾದವರು. ಭಾನುವಾರ ಸಂಜೆ ಅವರ ಪಡಸಾಲೆಯಲ್ಲಿ ಯೆಹೂದಿಗಳ ಹಳೆಯ ಶಾಸ್ತ್ರದ, ಅಂದರೆ ಬೈಬಲಿನ ಹಳೆಯ ಒಡಂಬಡಿಕೆಯ, ಓದು ನಡೆಯುತ್ತಿತ್ತು. ಹಿಂದಿನ ಗುಡಿಸಲುಗಳಲ್ಲಿದ್ದ ಬೀದರದ ಕುಟುಂಬಗಳು ಬರುತ್ತಿದ್ದವು. ನಾನೂ ಮೂಲೆಯಲ್ಲಿ ಕೂರುತ್ತಿದ್ದೆ. ಓದಿದವರು ಅರ್ಥ ಹೇಳುವ ಮುನ್ನ, ಇದು ಯಾರು ಯಾರಿಗೆ ಹೇಳಿದ ಮಾತೆಂದು ತಿಳಿಸಬೇಕು. ಅದು ಅಲ್ಲಿಯ ನಿಯಮ.

ಆ ವರ್ಷ ಬಿಲ್ಡರೊಬ್ಬ ಗುಡಿಸಲುಗಳನ್ನು ಕೆಡವಲು ಹೊರಟಿದ್ದ. ಗುಡಿಸಲುಗಳಿದ್ದ ಹೊಲವನ್ನು, ಬೀದರಿನಿಂದ ಹಿಂದೆಯೇ ಬಂದು ಉಳುತ್ತಿದ್ದ ಅವರ ಹಿರಿಯರು ನಿಜಾಮನ ಕಾಲದ ಕೊನೆಗೆ ಮಾರಿದ್ದರು. ಒಂದು ಸಂಜೆ, ಪ್ರವಾದಿ ಮೋಶೆಯ ಕಾನೂನಿನಲ್ಲಿ, ಮಾರಿದ ಜಮೀನು ಐವತ್ತನೇ ವರ್ಷ ಮೂಲ ಮನೆತನಕ್ಕೆ ಮರಳಬೇಕೆಂಬ ಭಾಗವನ್ನು ಅವರ ಪೈಕಿ ಹಿರಿಯನಾದ ಮೇಸ್ತ್ರಿ ಓದಿದ. ನಿಯಮ ಬಿಟ್ಟು ನೇರ ಅರ್ಥಕ್ಕೇ ಹೋದ.

"ನಿಜಾಮನ ರಾಜ್ಯ ಹೋಗಿ ಐವತ್ತು ವರ್ಷ ಆತು. ಉಳುವವನೇ ಹೊಲದೊಡೆಯ ಅಂತ ಮೋಶೆ ಆವಾಗ್ಲೇ ಬರದಾನ. ನಾಳೆ ಈ ಪುಸ್ತಕ ಹಿಡ್ಕೊಂಡು, ಕೂಸು ಕುನ್ನಿ ಎಲ್ಲಾ ಮಷೀನ್ ಮುಂದ ಕೂಡ್ತೀವಿ. ದೇವರ ಕಾನೂನಿನ ಮ್ಯಾಲೆ ಮಷೀನ್ ಹಾಯಿಸ್ತಾನೇನು ಡ್ರೈವರ್?"

"ಅದು ಇಸ್ರಾಯೇಲರ ಕುಲಕ್ಕ ಹಂಚಿದ ಹೊಲದ ಮಾತು, ಮೇಸ್ತ್ರಿ. ನಿನ್ನ ಪಾರ್ಟಿ ಘೋಷಣೆ ಮೋಶೆ ಬಾಯಾಗ ಯಾಕ ತುರುಕ್ತಿ? ಡ್ರೈವರ್‌ಗೆ ಆ ಪುಸ್ತಕ ಗೊತ್ತಿಲ್ಲ. ಕೂಸುಗಳನ್ನ ಕೂಡಸಬ್ಯಾಡ," ಎಂದರು ಮಾಸ್ತರು.

"ಬಿಲ್ಡರ್ ಮನ್ಯಾಗ ಚಾ ಕುಡದ್ ಬಂದೀರೇನ್ರಿ ಮಾಸ್ತರ?"

ಎಲ್ಲರೂ ನಕ್ಕರು. ಮಾಸ್ತರು ನಗಲಿಲ್ಲ.

ಮರುದಿನ ಬೆಳಿಗ್ಗೆ ಅವರು ಹೇಳಿದಂತೆಯೇ ಕುಳಿತಿದ್ದರು, ಮಡಿಲಲ್ಲಿ ಕೂಸುಗಳು. ಮೇಸ್ತ್ರಿ ಪುಸ್ತಕ ಎತ್ತಿ ಹಿಡಿದಿದ್ದ. ಎದುರಿನಿಂದ ಬರುತ್ತಿದ್ದ ಜೆಸಿಬಿ ನಿಲ್ಲಲಿಲ್ಲ. ನಾನು ಗೇಟಿನ ಸರಳು ಹಿಡಿದು ನಿಂತೆ. ನನ್ನ ಪಕ್ಕದಿಂದ ಮಾಸ್ತರು ಬರಿಗೈಯಲ್ಲಿ ಹೋಗಿ ಅವರ ಮುಂದೆ ನಿಂತರು. ಬಕೆಟ್ಟಿನ ಹಲ್ಲುಗಳು ಮಾಸ್ತರ ಎದೆಯವರೆಗೆ ಬಂದು, ಅಂಗಿ ಹರಿದು, ನಿಂತವು.

"ಬಾಜೂಕ ಸರೀರಿ ಮಾಸ್ತರ! ಹೊಲ ನಮ್ದು ಅಂತ ಶಾಸ್ತ್ರದಾಗ ಇಲ್ಲ ಅಂದವ್ರು ನೀವ!" ಮೇಸ್ತ್ರಿ ಹಿಂದಿನಿಂದ ಕೂಗಿದ.

"ಈಗೂ ಇಲ್ಲ. ಇದು ನಾ ನಿನಗ ಹೇಳೂ ಮಾತು. ಮೊದಲ ಕೂಸುಗಳನ್ನ ಎಬ್ಬಸು."

ಎಬ್ಬಿಸಿದರು. ಯಂತ್ರ ಅಂದು ಹಿಂದಿರುಗಿತು. ಮುಂದೊಂದು ದಿನ ಬಿಲ್ಡರ್ ಪೊಲೀಸರೊಂದಿಗೆ ಬಂದು ಗುಡಿಸಲು ಕೆಡವಿದಾಗ ಅಲ್ಲಿ ಯಾರೂ ಕುಳಿತಿರಲಿಲ್ಲ. ಕುಟುಂಬಗಳು ಚದುರಿದವು, ಭಾನುವಾರದ ಓದೂ ನಿಂತಿತು. ಮಾಸ್ತರು ಮನೆ ಮಾರಿ ಬೀದರಿಗೆ ಹೋದರು. ಕೆಲವೇ ವರ್ಷಗಳಲ್ಲಿ ತೀರಿಕೊಂಡರಂತೆ.

ಆ ಹಲ್ಲುಗಳು ಇನ್ನೊಂದು ಗೇಣು ಮುಂದೆ ಬಂದಿದ್ದರೆ... ಇಷ್ಟು ವರ್ಷಗಳ ಮೇಲೂ ಯೋಚನೆ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಆ ಗಳಿಗೆಯಲ್ಲಿ ಅವರಿಗೆ ಹೆದರಿಕೆಯಾಗಿತ್ತೇ? ಊರಿಗೆ ಹೊರಟ ದಿನ ಅವರ ಟ್ರಂಕನ್ನು ಆಟೋಗೆ ಏರಿಸಿ "ಹುಷಾರು ಸರ್" ಎಂದಷ್ಟೇ ಹೇಳಿದ್ದೆ. ಇವತ್ತು ಕೇಳಬೇಕೆನಿಸುತ್ತಿದೆ. ಅವರಿಲ್ಲ.