ಯಾರೂ ನೆಡದ ಹೂಗಳು

ನಮ್ಮ ಮನೆಯ ಮುಂದಿನ ತೋಟದಲ್ಲಿ ನೆಟ್ಟ ಗಿಡ ಒಂದೂ ಇರಲಿಲ್ಲ. ತುಂಬೆ, ಅಣ್ಣೆ, ಬೇಲಿಯ ಪಕ್ಕಕ್ಕೊಂದು ತಂಗಡಿ, ಉಗುರಿನಷ್ಟು ನೀಲಿ ಹೂವಿನ ವಿಷ್ಣುಕ್ರಾಂತಿ. ಎಲ್ಲವೂ ತಾವಾಗಿ ಬಂದಂಥವು. ಮಾಲೂರಿನಲ್ಲಿ ಮೇಷ್ಟ್ರ ಮನೆ ಎಂದರೆ ಕ್ರೋಟನ್ನು, ಗುಲಾಬಿ ಇರಬೇಕು. ನಮ್ಮದನ್ನು ನೋಡಿದವರು ಈ ಮನೆಯ ಗಂಡಸು ಸೋಮಾರಿ ಎಂದುಕೊಳ್ಳುತ್ತಿದ್ದರು. ಅದು ಸುಳ್ಳೇನಲ್ಲ. ಆದರೆ ತೋಟ ನನ್ನದಲ್ಲ, ನನ್ನ ಹೆಂಡತಿ ಸರೋಜಳದು.

ಕಾಡುಹೂವಿಗೆ ಎಂಥ ಆರೈಕೆ ಎಂದು ನೀವು ಕೇಳಬಹುದು. ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಾ ನಾನೂ ಕೇಳಿದ್ದೆ. ಅವಳು ನೀರು ಹಾಕುತ್ತಿರಲಿಲ್ಲ, ಗೊಬ್ಬರವನ್ನೂ ಹಾಕುತ್ತಿರಲಿಲ್ಲ. ಗಿಡ ಒಣಗಿ ಬೀಜ ಉದುರುವ ತನಕ ಅಲ್ಲಿ ಪೊರಕೆ ಆಡಿಸಲು ಬಿಡುತ್ತಿರಲಿಲ್ಲ, ಅಷ್ಟೆ. ಧನುರ್ಮಾಸದಲ್ಲಿ ಬಾಗಿಲ ಮುಂದಿಡುವ ಸಗಣಿಯ ಗಣಪ, ಪಿಳ್ಳೇರಾಯನಿಗೆ ಸಿಕ್ಕಿಸಲು ಅಣ್ಣೆ ಹೂವು ಕೇಳಿಕೊಂಡು ಬರುವ ಹೆಂಗಸರಿಗೆ ಇಲ್ಲವೆನ್ನುತ್ತಿರಲಿಲ್ಲ. ಬೇರು ಮಾತ್ರ ಅಲುಗಬಾರದು. ಮಿಕ್ಕ ಕೆಲಸವೆಲ್ಲ ಕಾಂಗ್ರೆಸ್ ಗಿಡ ಕೀಳುವುದು. ಎಪ್ಪತ್ತರ ದಶಕದಲ್ಲಿ ಅದು ರೈಲು ಹಳಿಯ ಗುಂಟ ಬಂದು ಊರನ್ನೆಲ್ಲ ಹಿಡಿದಿತ್ತು. ಹೂ ಬಿಡುವ ಮೊದಲೇ ಕೀಳದಿದ್ದರೆ ಬೇರೆ ಯಾವುದಕ್ಕೂ ಜಾಗವಿಲ್ಲ. ಸರೋಜ ದಿನಾ ಕಾಫಿಗೆ ಮೊದಲು ಅದನ್ನು ಕೀಳುತ್ತಿದ್ದಳು.

ತುಂಬೆ ಶಿವನಿಗೆ ಪ್ರಿಯ ಎನ್ನುತ್ತಾರೆ. ಶಿವನಿಗೆ ನನ್ನ ನಾದಿನಿಯ ಊರು ವಕ್ಕಲೇರಿಯಲ್ಲಿ ಎರಡು ಎಕರೆ ರಾಗಿ ಹೊಲವಿದ್ದಿದ್ದರೆ ಆ ಪ್ರೀತಿ ಎಷ್ಟು ದಿನ ಉಳಿಯುತ್ತಿತ್ತೋ ಕಾಣೆ. ಹೊಲದವರಿಗೆ ತುಂಬೆಯೂ ಕಳೆ, ಅಣ್ಣೆಯೂ ಕಳೆ. ಅವು ಅಂಗಳದಲ್ಲೇ ಎದ್ದಿವೆಯೆಂದರೆ ಆ ಮನೆಯಲ್ಲಿ ದೀಪ ಹಚ್ಚುವವರಿಲ್ಲ ಎಂದೇ ಅವರ ಲೆಕ್ಕ.

ಎಂಬತ್ತರ ದಶಕ ಶುರುವಾದಾಗ ಸರೋಜ ತೀರಿಕೊಂಡಳು. ಜ್ವರವೆಂದು ಮಲಗಿದವಳು ಏಳಲಿಲ್ಲ. ಅಸ್ಥಿ ಬಿಡಲು ಶ್ರೀರಂಗಪಟ್ಟಣಕ್ಕೆ ಹೋಗಿದ್ದವನು ಮಾರನೆಯ ದಿನ ಬಂದು ಗೇಟು ತೆಗೆದರೆ, ಯಾರದೋ ಮನೆಗೆ ಬಂದೆನೇನೋ ಅನ್ನಿಸಿತು. ಅಂಗಳ ರಾಗಿ ಕಣದ ಹಾಗೆ ಬೋಳಾಗಿತ್ತು. ಸಗಣಿ ಹಾಕಿ ಸಾರಿಸಿತ್ತು. ವಕ್ಕಲೇರಿಯಿಂದ ಬಂದಿದ್ದ ಸರೋಜಳ ತಂಗಿ ನಾಗರತ್ನ ಕಳೆಗುದ್ದಲಿ ತೊಳೆಯುತ್ತಿದ್ದಳು. ಅತ್ತು ಅತ್ತು ಅವಳ ಕಣ್ಣು ಊದಿದ್ದವು.

"ತಿಥಿಗೆ ಜನ ಬರ್ತಾರಲ್ಲ ಬಾವ. ಪಿಚ್ಚಿ ಗಿಡ, ಕಳೆ ಎಲ್ಲಾ ಕಿತ್ತಾಕಿದೀನಿ. ಅಕ್ಕ ಹೋಗಿದ್ದಕ್ಕೆ ಮನೆ ಹಾಳುಬಿತ್ತು ಅಂತ ಯಾರೂ ಅನ್ಬಾರ್ದು."

"ಒಳ್ಳೇದಾಯ್ತು ಕಣಮ್ಮ" ಎಂದೆ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಸರೋಜ ಹೋದ ದಿನ ಬಾರದ ಅಳು ಆವತ್ತು ಬಂತು.

ಮುಂಗಾರಿಗೆ ಎದ್ದದ್ದು ಬರೀ ಕಾಂಗ್ರೆಸ್ ಗಿಡ. ಕೀಳಲು ನಾನೇ ಬಗ್ಗಿದೆ. ಕೈಗೆ ತುರಿಕೆ ಹತ್ತಿತು. ಸೀಮೆಸುಣ್ಣ ಹಿಡಿದ ಕೈಯಲ್ಲೇ ಕೆರೆದುಕೊಂಡು ಅರ್ಧ ಬೆಳ್ಳಗಾಗುತ್ತಿದ್ದ ಮೇಷ್ಟ್ರನ್ನು ನೋಡಿ ಕ್ಲಾಸು ನಗುತ್ತಿತ್ತು. ಹಿಂಗಾರಿನ ಹೊತ್ತಿಗೆ ತಂಗಡಿ ಬುಡದಿಂದ ಚಿಗುರಿತು, ಅಲ್ಲೊಂದು ಇಲ್ಲೊಂದು ತುಂಬೆ ಎದ್ದಿತು. ಸರೋಜಳಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದ ವಿಷ್ಣುಕ್ರಾಂತಿ ಮಾತ್ರ ಬರಲಿಲ್ಲ. ಗುಲಾಬಿಯಾದರೆ ನರ್ಸರಿಯಿಂದ ತರಬಹುದು. ತಾನಾಗಿ ಬಂದದ್ದನ್ನು ಎಲ್ಲಿಂದ ತರುವುದು? ಅದಿದ್ದ ಮೊಳದಗಲದ ಜಾಗದಲ್ಲಿ ಬೇರೇನೂ ಬೇರು ಬಿಡದ ಹಾಗೆ ಕಾಯುತ್ತಾ ಬಂದೆ. ಬರೀ ಮಣ್ಣನ್ನು ಕಾಯುವ ಕೆಲಸಕ್ಕೆ ನನ್ನಂಥ ಸೋಮಾರಿಯೂ ಸಾಕು.

ವರ್ಷದ ತಿಥಿಗೆ ನಾಗರತ್ನ ಬದನೆ ಸಸಿ ತಂದಳು. ಊಟವಾದ ಮೇಲೆ ಹೋಗಿ ನೇರ ಆ ಜಾಗದ ಮುಂದೆಯೇ ಕುಕ್ಕರಗಾಲಲ್ಲಿ ಕೂತಳು.

"ಇಲ್ಲಿ ಖಾಲಿ ಐತಲ್ಲ ಬಾವ, ಹಾಕ್ಬಿಡ್ಲಾ?"

"ಬೇಡಮ್ಮ. ಅಲ್ಲಿ ನಿಮ್ಮಕ್ಕನ ವಿಷ್ಣುಕ್ರಾಂತಿ ಇತ್ತು."

ತಾನು ಕಿತ್ತದ್ದು ಏನೆಂದು ಅವಳಿಗೆ ಆಗ ಗೊತ್ತಾಯಿತು. ಹೇಳದೆಯೇ ಇರಬೇಕಿತ್ತೇನೋ ಎಂದು ನನಗೂ ಸಂಕಟವಾಯಿತು. ಅವಳು ಸಸಿಗಳನ್ನು ಪಕ್ಕಕ್ಕಿಟ್ಟು, ಸೆರಗು ಸಿಕ್ಕಿಸಿಕೊಂಡು, ಕಾಂಗ್ರೆಸ್ ಗಿಡ ಕೀಳತೊಡಗಿದಳು. ಎಕರೆಗಟ್ಟಲೆ ಹೊಲದಲ್ಲಿ ಯಾರನ್ನೂ ಕೇಳದೆ ಕಳೆ ತೆಗೆದ ಕೈ ಅದು. ಈಗ ಒಂದೊಂದು ಮೊಳಕೆಗೂ ನಿಂತು ನನ್ನತ್ತ ತಿರುಗುತ್ತಿತ್ತು.

"ಇದು ಇರ್ಲಾ, ಬಾವ?"

ಯಾವುದು ಯಾವುದರ ಮೊಳಕೆಯೋ ನನಗೇನು ಗೊತ್ತು. ಎಲ್ಲದಕ್ಕೂ ಇರಲಿ ಎಂದೆ.